ದನದ ಬೆನ್ನ ಮೇಲೆ ಅಕ್ಷರ ತಿದ್ದಿದ ಹುಡುಗ

*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಬೆಳಗಿನ ಚಹಾ ಕೈಯಲ್ಲಿ ಹಿಡಿದೇ ಈ ಸಂದೇಶ ಓದುವವರು ನಮ್ಮಲ್ಲಿ ಬಹಳ ಜನ. ಹಾಗಾಗಿ ಇವತ್ತು ಚಹಾದ ಬಗ್ಗೆಯೇ ಮಾತಾಡೋಣ. ಚಹಾ ಮಾಡುವುದು ಹೇಗೆ, ಕುಡಿಯುವುದು ಹೇಗೆ ಎಂದು ಮೊಟ್ಟಮೊದಲು ಒಂದು ಶಾಸ್ತ್ರಗ್ರಂಥವನ್ನೇ ಬರೆದವರೊಬ್ಬರ ಬದುಕು ಇದು. ಹೆಸರು ಲು ಯು. ಚೀನಾ ದೇಶದವರು, ತಾಂಗ್ ರಾಜವಂಶದ ಕಾಲದವರು. ಕ್ರಿ.ಶ. 733ರ ಸುಮಾರಿಗೆ ಹುಟ್ಟಿ 804ರಲ್ಲಿ ತೀರಿಕೊಂಡರು. ಇಂದಿಗೂ ಚೀನಾದಲ್ಲಿ ಚಹಾದ ಮಾತು ಬಂದಾಗ ಅವರ ಹೆಸರನ್ನು ನೆನೆಯುತ್ತಾರೆ.

ಆದರೆ ಕಥೆ ಶುರುವಾಗುವುದು ಒಬ್ಬ ಅನಾಥ ಮಗುವಿನಿಂದ.

ಈಗಿನ ಹುಬೇ ಪ್ರಾಂತ್ಯದ ತಿಯಾನ್‌ಮೆನ್ ಊರಿಗೆ ಆಗ ಜಿಂಗ್‌ಲಿಂಗ್ ಎಂದು ಹೆಸರು. ಅಲ್ಲಿ ಒಂದು ಬೌದ್ಧ ವಿಹಾರ. ಹಿರಿಯ ಭಿಕ್ಕು ಝಿಜಿ ಅವರು ಚಾನ್ ಪಂಥದವರು. ಚಾನ್ ಎಂದರೆ ಬೇರೇನಲ್ಲ, ನಮ್ಮ ಪಾಳಿಯ ಝಾನ, ಧ್ಯಾನ. ಮೂರು ವರ್ಷದ ಹೊತ್ತಿಗೇ ದಿಕ್ಕಿಲ್ಲದಂತಾಗಿದ್ದ ಒಂದು ಗಂಡು ಮಗು ಅವರ ಆಶ್ರಯಕ್ಕೆ ಬಂತು. ನೀರಿನ ದಡದಲ್ಲಿ ಸಿಕ್ಕಿದ ಮಗು ಎಂದೂ ಹೇಳುತ್ತಾರೆ. ತಂದೆ ಯಾರು, ತಾಯಿ ಯಾರು, ಯಾವ ಮನೆತನ, ಒಂದೂ ಗೊತ್ತಿಲ್ಲ. ಮನೆತನದ ಹೆಸರನ್ನೇ ಮುಂದಿಟ್ಟು ಮನುಷ್ಯನನ್ನು ಅಳೆಯುವ ಸಮಾಜದಲ್ಲಿ ಆ ಹುಡುಗನಿಗೆ ಅದೇ ಇರಲಿಲ್ಲ. ದೊಡ್ಡವನಾದ ಮೇಲೆ ಚೀನಾದ ಪ್ರಾಚೀನ ಶಕುನ ಗ್ರಂಥವನ್ನು ತೆರೆದು, ಅಲ್ಲಿ ಸಿಕ್ಕಿದ ಮಾತಿನಿಂದ ತನ್ನ ಹೆಸರನ್ನು ತಾನೇ ಆರಿಸಿಕೊಂಡನೆಂದು ಚರಿತ್ರೆ ಹೇಳುತ್ತದೆ. ಲು ಎಂದರೆ ನೆಲ. ಯು ಎಂದರೆ ರೆಕ್ಕೆಯ ಗರಿ. ನೆಲಕ್ಕಿಳಿದ ಹಕ್ಕಿಯೊಂದರ ಗರಿ. ಹುಟ್ಟು ಕೊಡದ ಹೆಸರನ್ನು ತಾನೇ ಪಡೆದವರ ಸಂತೋಷ ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ವಿಹಾರದಲ್ಲಿ ಹುಡುಗನಿಗೆ ಅಕ್ಷರ ಬಂತು. ಗುರುಗಳಿಗೆ ಇವನು ಬೌದ್ಧ ಗ್ರಂಥಗಳನ್ನಷ್ಟೇ ಓದಲಿ ಎಂಬ ಆಸೆ. ಹುಡುಗನಿಗೆ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನೂ ಓದಬೇಕೆಂಬ ಹಟ. ಒಪ್ಪಲೇ ಇಲ್ಲ. ಆಗ ಗುರುಗಳು ಮಮತೆಯನ್ನು ಪಕ್ಕಕ್ಕಿಟ್ಟರು. ವಿಹಾರದ ಅಂಗಳ ಗುಡಿಸುವುದು, ಭಿಕ್ಕುಗಳ ಪಾಯಿಖಾನೆ ತೊಳೆಯುವುದು, ಗೋಡೆ ಮೆತ್ತಲು ಮಣ್ಣು ತುಳಿಯುವುದು, ಸೂರಿಗೆ ಹೆಂಚು ಹೊರುವುದು, ಇವೆಲ್ಲ ಅವನ ಪಾಲಿಗೆ ಬಂದವು. ಅದರ ಮೇಲೆ ದನ ಕಾಯುವ ಕೆಲಸ. ಎಷ್ಟು ದನ ಎಂದು ಅವನೇ ಮುಂದೆ ತನ್ನ ಆತ್ಮಕಥನದಲ್ಲಿ ಲೆಕ್ಕ ಕೊಟ್ಟಿದ್ದಾನೆ: 120 ಗೊರಸು. ಅಂದರೆ 30 ದನ. ಬಗ್ಗಿ ನಡೆಯುವ ಹುಡುಗನ ಕಣ್ಣಿಗೆ ಕಂಡದ್ದು ಗೊರಸುಗಳೇ ಇರಬೇಕು.

ಬರೆಯಲು ಕಾಗದ ಇಲ್ಲ. ಬಿದಿರಿನ ಕಡ್ಡಿ ಹಿಡಿದು ದನದ ಬೆನ್ನ ಮೇಲೆ ಅಕ್ಷರ ತಿದ್ದಿದ. ಒಮ್ಮೆ ಯಾರೋ ವಿದ್ವಾಂಸರಿಂದ ಒಂದು ಹಳೆಯ ಕಾವ್ಯದ ಪ್ರತಿ ಸಿಕ್ಕಿತು. ಅದರ ಅಕ್ಷರಗಳು ಅವನಿಗೆ ಓದಲು ಬರಲಿಲ್ಲ. ಆದರೂ ಹುಲ್ಲುಗಾವಲಿನಲ್ಲಿ ಪುಸ್ತಕ ಬಿಡಿಸಿಕೊಂಡು ನೆಟ್ಟಗೆ ಕೂತು, ಶಾಲೆಯ ಮಕ್ಕಳಂತೆ ಸುಮ್ಮನೆ ತುಟಿ ಆಡಿಸುತ್ತಿದ್ದ. ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವ ನನಗೆ ಈ ಒಂದು ಚಿತ್ರ ಸಾಕು. ಓದು ಬರದೆ ತುಟಿ ಆಡಿಸುವ ಮಗುವನ್ನು ನಾನೂ ನೋಡಿದ್ದೇನೆ. ಅದು ನಟನೆಯಲ್ಲ, ಹಸಿವು.

ವಿಷಯ ಗುರುಗಳಿಗೆ ತಿಳಿಯಿತು. ದನ ಬಿಡಿಸಿ, ವಿಹಾರದ ಆವರಣದಲ್ಲೇ ಕಳೆ ಕೀಳಲು ಹಚ್ಚಿ, ಮೇಲೊಬ್ಬ ಕಾವಲುಗಾರನನ್ನು ಇಟ್ಟರು. ಹುಡುಗ ಕೆಲಸದ ನಡುವೆ ಅಕ್ಷರಗಳನ್ನು ನೆನೆದು ಮಂಕಾಗಿ ನಿಂತರೆ ಸೋಮಾರಿತನ ಎಂದು ಏಟು. ಒಮ್ಮೆ ಬೆತ್ತ ಬೆನ್ನ ಮೇಲೆಯೇ ಮುರಿಯಿತು. ಇದು ನಡೆದದ್ದು ಬುದ್ಧನ ಹೆಸರಿನ ವಿಹಾರದಲ್ಲಿ ಎಂಬುದನ್ನು ನಾವು ಮುಚ್ಚಿಡಬೇಕಿಲ್ಲ. ಚೀವರ ಧರಿಸಿದ ಮಾತ್ರಕ್ಕೆ ಕರುಣೆ ತಾನಾಗಿ ಬರುವುದಿಲ್ಲ. ದಿನವೂ ಅಭ್ಯಾಸ ಮಾಡಬೇಕು.

ಹುಡುಗ ಓಡಿಹೋದ. ಒಂದು ನಾಟಕ ತಂಡ ಸೇರಿ ವಿದೂಷಕನಾದ. ನೋಡಲು ಚೆಂದವಿರಲಿಲ್ಲ, ಮಾತು ಉಗ್ಗುತ್ತಿತ್ತು. ಇದನ್ನೂ ಅವನೇ ಬರೆದುಕೊಂಡಿದ್ದಾನೆ. ಆದರೆ ಜನರನ್ನು ನಗಿಸಿದ, ಹಾಸ್ಯದ ಬರಹ ಬರೆದ. ಗುರುಗಳು ಹಿಂದೆಯೇ ಹುಡುಕಿಕೊಂಡು ಬಂದರು. ಈ ಸಲ ಬೆತ್ತ ಇರಲಿಲ್ಲ. ನಿನಗೆ ಇಷ್ಟವಾದದ್ದನ್ನು ಓದು, ನಾಟಕದ ಸಹವಾಸ ಬಿಡು ಎಂದು ಮನಸ್ಸು ಬದಲಿಸಿದರು. ತಪ್ಪು ತಿದ್ದಿಕೊಂಡ ಗುರು ಎಂಬುದನ್ನೂ ನೆನಪಿಡೋಣ.

746ರಲ್ಲಿ ಲಿ ಚಿವು ಎಂಬ ಅಧಿಕಾರಿ ಜಿಂಗ್‌ಲಿಂಗ್‌ಗೆ ಬಂದ. ಊರ ಔತಣದಲ್ಲಿ ಈ ಹುಡುಗನನ್ನು ಕಂಡು ಬೆರಗಾದ. ಅವನ ಕೈ ಹಿಡಿದು, ಬೆನ್ನು ತಟ್ಟಿ, ತನ್ನ ಪುಸ್ತಕ ಕೊಟ್ಟ. ಬೆತ್ತ ಮುರಿದಿದ್ದ ಅದೇ ಬೆನ್ನು. ಮುಟ್ಟುವ ಕೈ ಮನುಷ್ಯನ ಬದುಕನ್ನು ಎಷ್ಟು ಬದಲಿಸಬಹುದು ಎಂಬುದು ಮುಟ್ಟಿಸಿಕೊಳ್ಳದವರ ಮಕ್ಕಳಾದ ನಮಗೆ ಗೊತ್ತು. ಅಲ್ಲಿಂದ ಅವನು ಬೆಟ್ಟದ ಮೇಲಿದ್ದ ಒಬ್ಬ ಗುರುವಿನ ಬಳಿ ಹೋಗಿ ವರ್ಷಗಟ್ಟಲೆ ಓದಿದ.

755ರಲ್ಲಿ ಸೇನಾಪತಿ ಆನ್ ಲುಶಾನ್ ದಂಗೆ ಎದ್ದ. ಉತ್ತರ ಚೀನಾ ಹೊತ್ತಿ ಉರಿಯಿತು. ಯಾಂಗ್ಸೆ ನದಿ ದಾಟಿ ದಕ್ಷಿಣಕ್ಕೆ ಬಂದ ನಿರಾಶ್ರಿತರ ಜೊತೆ ಲು ಯು ಕೂಡ ಬಂದು, 760ರ ಸುಮಾರಿಗೆ ಈಗಿನ ಝೆಜಿಯಾಂಗ್ ಪ್ರಾಂತ್ಯದ ಹುಝೌನಲ್ಲಿ ನೆಲೆ ನಿಂತ. ಜಿಯಾವೊರಾನ್ ಎಂಬ ಕವಿ ಭಿಕ್ಕು ಅಲ್ಲಿ ಅವನಿಗೆ ಜೀವದ ಗೆಳೆಯನಾದ. ಸುತ್ತ ಚಹಾ ಬೆಟ್ಟಗಳು. ಲು ಯು ಬೆಟ್ಟ ಹತ್ತಿ ಎಲೆ ನೋಡಿದ, ಬುಗ್ಗೆಯ ನೀರು ಕುಡಿದು ನೋಡಿದ, ಎಲ್ಲವನ್ನೂ ಬರೆದಿಟ್ಟ. ಹಾಗೆ ಹುಟ್ಟಿದ್ದು ಚಾ ಜಿಂಗ್, ಅಂದರೆ ಚಹಾ ಶಾಸ್ತ್ರ. ಮೂರು ಭಾಗ, ಹತ್ತು ಅಧ್ಯಾಯ, ಸುಮಾರು 7,000 ಅಕ್ಷರಗಳ ಪುಟ್ಟ ಪುಸ್ತಕ.

ಇಲ್ಲಿಯವರೆಗೆ ಏಕವಚನದಲ್ಲಿ ಹೇಳಿದೆ, ಹುಡುಗನಾಗಿದ್ದ. ಇನ್ನು ಬಹುವಚನದಲ್ಲೇ ಹೇಳುತ್ತೇನೆ.

ಆ ಕಾಲದ ಚಹಾ ನಮ್ಮ ಚಹಾದಂತೆ ಇರಲಿಲ್ಲ. ಕಿತ್ತ ಎಲೆಯನ್ನು ಆವಿಯಲ್ಲಿ ಬೇಯಿಸಿ, ಕುಟ್ಟಿ, ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡಿ ಒಣಗಿಸುತ್ತಿದ್ದರು. ಕಿತ್ತ ಎಲೆಯನ್ನು ಬಾಡಿಸಿ, ಹೊಸಕಿ ಹಾಗೇ ಬಿಟ್ಟರೆ ಅದು ಕಪ್ಪಾಗುತ್ತದೆ, ಅದೇ ನಾವು ಕುಡಿಯುವ ಚಹಾ. ಬೇಗ ಬಿಸಿ ತಾಗಿಸಿದರೆ ಆ ಬದಲಾವಣೆ ನಿಂತು ಹಸಿರು ಉಳಿಯುತ್ತದೆ, ಅದು ಹಸಿರು ಚಹಾ. ಜನ ಆಗ ಅದಕ್ಕೆ ಈರುಳ್ಳಿ, ಶುಂಠಿ, ಕಿತ್ತಳೆ ಸಿಪ್ಪೆ, ಪುದೀನ ಎಲ್ಲ ಹಾಕಿ ಕುದಿಸುತ್ತಿದ್ದರು. ಲು ಯು ಅವರಿಗೆ ಅದು ಚರಂಡಿ ನೀರಿಗೆ ಸಮ. ಚಿಟಿಕೆ ಉಪ್ಪೊಂದನ್ನು ಉಳಿಸಿ ಉಳಿದದ್ದನ್ನೆಲ್ಲ ಅವರು ತೆಗೆದುಹಾಕಿದರು. ಎಲೆಗೆ ತನ್ನದೇ ರುಚಿ ಇದೆ, ಅದನ್ನು ಮುಚ್ಚಬೇಡಿ ಎಂಬುದು ಅವರ ನಿಲುವು.

ನೀರಿಗೆ ಅವರು ಮೂರು ಕುದಿ ಹೇಳಿದ್ದಾರೆ. ಮೀನಿನ ಕಣ್ಣಿನಂಥ ಗುಳ್ಳೆ ಎದ್ದರೆ ಮೊದಲ ಕುದಿ, ಆಗ ಉಪ್ಪು. ಅಂಚಿನಲ್ಲಿ ಮುತ್ತಿನ ಸರದಂತೆ ಗುಳ್ಳೆ ಬಂದರೆ ಎರಡನೆಯದು, ಆಗ ಒಂದು ಸೌಟು ನೀರು ತೆಗೆದಿಟ್ಟು, ಕಲಕಿ, ಪುಡಿ ಮಾಡಿದ ಚಹಾ ಹಾಕಬೇಕು. ಅಲೆಯಂತೆ ಉಕ್ಕಿದರೆ ಮೂರನೆಯದು, ತೆಗೆದಿಟ್ಟ ನೀರನ್ನು ಹಾಕಿ ಶಾಂತಗೊಳಿಸಬೇಕು. ಅದಕ್ಕಿಂತ ಹೆಚ್ಚು ಕುದಿದ ನೀರು ಕುಡಿಯಲು ಯೋಗ್ಯವಲ್ಲ. ಬಡಿಸುವಾಗ ನೊರೆ ಎಲ್ಲ ಬಟ್ಟಲಿಗೂ ಸಮನಾಗಿ ಬೀಳಬೇಕು, ಏಕೆಂದರೆ ಚಹಾದ ಸಾರ ಇರುವುದು ನೊರೆಯಲ್ಲಿ. ಮೇಲಿನದು ಒಬ್ಬರಿಗೆ, ತಳದ್ದು ಇನ್ನೊಬ್ಬರಿಗೆ ಎಂಬುದು ಅವರಲ್ಲಿ ಇಲ್ಲ.

ನೀರಿನ ಬಗ್ಗೆ ಅವರು ಬರೆದದ್ದನ್ನು ಓದುವಾಗ ನಾನು ತುಸು ಹೊತ್ತು ಪುಸ್ತಕ ಮುಚ್ಚಿ ಕೂತೆ. ಬೆಟ್ಟದ ಬುಗ್ಗೆಯ ನೀರು ಉತ್ತಮ, ನದಿಯದು ಮಧ್ಯಮ, ಬಾವಿಯದು ಕೊನೆ. ಬಾವಿ ನೀರೇ ಬೇಕಾದರೆ, ಹೆಚ್ಚು ಜನ ಸೇದುವ ಬಾವಿಯಿಂದ ತೆಗೆದುಕೊಳ್ಳಬೇಕು. ಕಾರಣ ಸರಳ. ಹೆಚ್ಚು ಸೇದಿದಷ್ಟೂ ಹೊಸ ನೀರು ಬರುತ್ತದೆ, ನಿಂತ ನೀರು ಕೆಡುತ್ತದೆ. ಅವರು ಇದನ್ನು ಸಮಾನತೆಗಾಗಿ ಬರೆದವರಲ್ಲ, ರುಚಿಗಾಗಿ ಬರೆದವರು. ಆದರೂ ನೋಡಿ, ಹೆಚ್ಚು ಜನ ಮುಟ್ಟಿದರೆ ಬಾವಿ ಕೆಡುತ್ತದೆ ಎಂದು ನಮ್ಮ ದೇಶ ಹೇಳಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದ ಮೇಲೆ, ಆ ಕೆರೆಯನ್ನು ಶುದ್ಧಿ ಮಾಡಲು ಹೊರಟವರು ಇದ್ದರು. ನಾಲಗೆ ಬಲ್ಲ ಲು ಯು ಅವರ ಪ್ರಕಾರ ಹೆಚ್ಚು ಕೈ ಇಳಿದ ಬಾವಿಯೇ ಒಳ್ಳೆಯ ಬಾವಿ.

ಇನ್ನೊಂದು ಘಟನೆ ಇದೆ. ಅದೇ ಕಾಲದ ಫೆಂಗ್ ಯಾನ್ ಎಂಬ ಅಧಿಕಾರಿ ಬರೆದಿಟ್ಟದ್ದು. ಲು ಯು ಅವರ ವಿಧಾನವನ್ನೇ ಕಲಿತ ಚಾಂಗ್ ಬೋಶಿಯೋಂಗ್ ಎಂಬವನು, ಹಳದಿ ನಿಲುವಂಗಿ, ಕಪ್ಪು ಟೋಪಿ ಧರಿಸಿ ಲಿ ಜಿಚಿಂಗ್ ಎಂಬ ದೊಡ್ಡ ಅಧಿಕಾರಿಗೆ ಚಹಾ ಮಾಡಿಕೊಟ್ಟ. ಅಧಿಕಾರಿ ಮೆಚ್ಚಿದ. ಮುಂದಿನ ಊರಿನಲ್ಲಿ ಲು ಯು ಅವರನ್ನು ಕರೆಸಿದರು. ಅವರು ಹಳ್ಳಿಯವರ ಒರಟು ಬಟ್ಟೆಯಲ್ಲೇ ಬಂದು ಅದೇ ಚಹಾ ಮಾಡಿದರು. ಅಧಿಕಾರಿಗೆ ಮನಸ್ಸಿನಲ್ಲೇ ತಾತ್ಸಾರ. ಕುಡಿದಾದ ಮೇಲೆ ಆಳಿನ ಕೈಯಲ್ಲಿ 30 ಕಾಸು ತರಿಸಿ ಕೂಲಿಯೆಂದು ಕೊಡಿಸಿದ. ಶಾಸ್ತ್ರ ಬರೆದವರಿಗೆ ಕೂಲಿ, ಬಟ್ಟೆ ತೊಟ್ಟವನಿಗೆ ಗೌರವ. ಆ ಅವಮಾನದಲ್ಲಿ ಲು ಯು ಅವರು ಚಹಾವನ್ನೇ ಖಂಡಿಸಿ ಒಂದು ಬರಹ ಬರೆದರು. ಆ ಬರಹ ಉಳಿದಿಲ್ಲ. ಚಹಾ ಶಾಸ್ತ್ರ ಉಳಿಯಿತು. ನೋವಿನಲ್ಲಿ ಬರೆದದ್ದು ತಪ್ಪೇನಲ್ಲ, ಆದರೆ ಉಳಿದದ್ದು ಪ್ರೀತಿಯಿಂದ, ಶ್ರಮದಿಂದ ಬರೆದದ್ದು.

ಅರಮನೆಯಿಂದ ಹುದ್ದೆ ಬಂದಾಗ ಅವರು ಹೋಗಲಿಲ್ಲ. ತನ್ನನ್ನು ಸಾಕಿ, ದಂಡಿಸಿದ ಝಿಜಿ ಭಿಕ್ಕು ತೀರಿಕೊಂಡ ಸುದ್ದಿ ದೂರದಲ್ಲಿ ಕೇಳಿ ಬಹಳ ಅತ್ತರು, ಪದ್ಯ ಕಟ್ಟಿದರು. ಬೆತ್ತವನ್ನು ಮರೆತರೆಂದಲ್ಲ. ಅನ್ನವನ್ನೂ ಮರೆಯಲಿಲ್ಲ.

ಮುಂದೆ ಚಹಾ ಮಾರುವವರು ಅವರ ಮಣ್ಣಿನ ಗೊಂಬೆ ಮಾಡಿಟ್ಟು ಪೂಜಿಸಿದರು. ವ್ಯಾಪಾರ ಇಲ್ಲದ ದಿನ ಅದೇ ಗೊಂಬೆಯ ಮೇಲೆ ಬಿಸಿನೀರು ಸುರಿದರು! ಮಹನೀಯರನ್ನು ಓದದೆ ಪೂಜಿಸಿದರೆ ಆಗುವುದು ಇಷ್ಟೇ. ಭಕ್ತಿಯ ಅಪಾಯವನ್ನು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲೇ ಎಚ್ಚರಿಸಿದ್ದು ನಮಗೆ ನೆನಪಿರಲಿ.

ಅರಮನೆಗೆ ಕಾಣಿಕೆಯ ಚಹಾ ಹೋಗುತ್ತಿದ್ದ ಹುಝೌ ಬೆಟ್ಟಗಳಲ್ಲಿ ಎಲೆ ಕೀಳುವವರ ಪಾಡು ಹೇಳತೀರದು. ಅಲ್ಲಿನ ಅಧಿಕಾರಿಯಾಗಿದ್ದ ಯುವಾನ್ ಗಾವೊ ಅದನ್ನು ಪದ್ಯದಲ್ಲಿ ಬರೆದಿದ್ದಾನೆ. ರುಚಿಯ ಹಿಂದೆ ಯಾರ ಬೆವರಿದೆ ಎಂದು ಕೇಳುವುದೂ ರುಚಿಯ ಭಾಗವೇ.

ಬಂಧುಗಳೇ, ನಮ್ಮ ಹಿರಿಯರಲ್ಲಿ ಅನೇಕರಿಗೆ ಚಹಾ ಎಂದರೆ ನೆನಪಾಗುವುದು ರುಚಿಯಲ್ಲ. ಹೋಟೆಲಿನ ಹೊರಗೆ ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟ, ತೆಂಗಿನ ಚಿಪ್ಪು. ನಿಂತೇ ಕುಡಿದು, ತಾವೇ ತೊಳೆದಿಟ್ಟು ಹೋಗಬೇಕಿತ್ತು. ಹಾಗೆ ಕುಡಿದವರಿಗೆ ರುಚಿ ನೋಡುವ ಬಿಡುವು ಎಲ್ಲಿತ್ತು? ಆದ್ದರಿಂದ ಕೂತು, ನಿಧಾನವಾಗಿ, ಮನಸ್ಸಿಟ್ಟು ಒಂದು ಬಟ್ಟಲು ಚಹಾ ಕುಡಿಯುವುದು ನಮಗೆ ಶೋಕಿಯಲ್ಲ. ನಮ್ಮ ಹಕ್ಕು, ನಮ್ಮ ಸತಿ.

*ಇಂದಿನ ಅಭ್ಯಾಸ*

ಹಸಿರು ಚಹಾ ಇದ್ದರೆ ಒಂದು ಚಮಚ ಎಲೆ ತೆಗೆದುಕೊಳ್ಳಿ. ನೀರು ಕುದಿಸಿ, ಕೆಲವು ನಿಮಿಷ ಆರಲು ಬಿಡಿ. ಸುಮಾರು 80 ಡಿಗ್ರಿ ಸಾಕು, ಕುದಿಯುವ ನೀರು ಹಾಕಿದರೆ ಕಹಿ ಏರುತ್ತದೆ. ಎಲೆಯ ಮೇಲೆ ಸುರಿದು ಎರಡು ನಿಮಿಷ ಕಾಯಿರಿ. ಎಲೆ ಬಿಚ್ಚಿಕೊಳ್ಳುವುದನ್ನು ನೋಡಿ. ಮೊದಲು ಪರಿಮಳ. ಆಮೇಲೆ ಒಂದು ಗುಟುಕು, ನಾಲಗೆಯ ಮೇಲೆ ತುಸು ಹೊತ್ತು ಇಟ್ಟುಕೊಳ್ಳಿ. ಹಾಲು, ಸಕ್ಕರೆ ಬೇಡ. ಹಸಿರು ಚಹಾ ಇಲ್ಲದಿದ್ದರೆ ಮನೆಯ ಚಹಾವೇ ಆಗಲಿ, ಮೊಬೈಲ್ ಪಕ್ಕಕ್ಕಿಡಿ.

ನಿಜವಾದ ಚಹಾದ ಗುರುತನ್ನು ಲು ಯು ಅವರು ಹೇಳಿದ್ದಾರೆ. ಬಾಯಿಗಿಟ್ಟಾಗ ಕಹಿ, ಗಂಟಲಿಗಿಳಿದ ಮೇಲೆ ಸಿಹಿ. ಆ ಸಿಹಿ ಹೊರಗಿನಿಂದ ಹಾಕಿದ್ದಲ್ಲ, ಕಹಿಯ ಒಳಗೇ ಇದ್ದದ್ದು. ಅವಸರದಲ್ಲಿ ನುಂಗಿದವರಿಗೆ ಅದು ತಿಳಿಯುವುದಿಲ್ಲ.

ಚಹಾ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಮ್ಮ ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಓದು ಬರದೆ ತುಟಿ ಆಡಿಸುತ್ತಿರುವ ಮಗು ಯಾವುದು? ಇವತ್ತು ಅದರ ಬೆನ್ನು ತಟ್ಟುವ ಕೈ ನಮ್ಮದಾಗಬಹುದೇ?

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.