ದರ್ಪಣಸಾಧಕ ವಿಲಿಯಂ ಹರ್ಷೆಲ್

ದಿನನಿತ್ಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವವರು ಅಸಂಖ್ಯರು. ಅದರಲ್ಲಿ ಬಿಂಬ ಮೂಡುವ ಬಗೆಯನ್ನು ಕುರಿತು ಚಿಂತಿಸುವವರು ವಿರಳ. ಅದನ್ನೇ ಜೀವಮಾನದ ಸಾಧನೆಯನ್ನಾಗಿ ಮಾಡಿಕೊಂಡು, ಸ್ವಹಸ್ತದಿಂದ ದರ್ಪಣಗಳನ್ನು ಉಜ್ಜಿ ರೂಪಿಸಿ, ಸೌರವ್ಯೂಹದ ಎಲ್ಲೆಯನ್ನೇ ವಿಸ್ತರಿಸಿದ ಮಹನೀಯ ವಿಲಿಯಂ ಹರ್ಷೆಲ್. ಆತ ವೃತ್ತಿಯಿಂದ ಸಂಗೀತಗಾರನಾಗಿದ್ದನೆಂಬುದು ವಿಶೇಷ.

ಹರ್ಷೆಲ್ 1738ರ ನವೆಂಬರ್ 15ರಂದು ಜರ್ಮನಿಯ ಹ್ಯಾನೋವರ್‌ನಲ್ಲಿ ಜನಿಸಿದ. ತಂದೆ ಸೈನ್ಯದ ವಾದ್ಯವೃಂದದಲ್ಲಿ ಓಬೋ ವಾದಕ. ಮಗನೂ ಅದೇ ವೃಂದವನ್ನು ಸೇರಿದ. ಯುದ್ಧದ ಕೋಟಲೆಯಿಂದ ಪಾರಾಗಲು 1757ರಲ್ಲಿ ಇಂಗ್ಲೆಂಡಿಗೆ ಹೋದ ಆತ, 1766ರಲ್ಲಿ ಬಾತ್ ನಗರದಲ್ಲಿ ನೆಲೆಸಿ, ಪ್ರಾರ್ಥನಾಮಂದಿರವೊಂದರ ಆರ್ಗನ್ ವಾದಕನಾಗಿ ಹೆಸರು ಗಳಿಸಿದ. 1772ರಲ್ಲಿ ತಂಗಿ ಕ್ಯಾರೊಲಿನ್ ಬಂದು ಅಣ್ಣನ ಮನೆಯ ಭಾರ ಹೊತ್ತಳು. ನಾದದ ತತ್ತ್ವವನ್ನರಿಯಲು ರಾಬರ್ಟ್ ಸ್ಮಿತ್ ಎಂಬ ವಿದ್ವಾಂಸನ ಗ್ರಂಥವನ್ನು ಓದಿದ ಹರ್ಷೆಲ್‌ಗೆ ಅದೇ ಲೇಖಕನ ದೃಗ್ವಿಜ್ಞಾನ ಗ್ರಂಥವೂ ಪರಿಚಯವಾಯಿತು. ಅಲ್ಲಿಂದ ಆತನ ದೃಷ್ಟಿ ಆಕಾಶದತ್ತ ಹೊರಳಿತು. ದೊಡ್ಡ ದೂರದರ್ಶಕವನ್ನು ಕೊಳ್ಳುವ ಶಕ್ತಿ ಇರಲಿಲ್ಲ. 1773ರಲ್ಲಿ ಅದನ್ನು ತಾನೇ ನಿರ್ಮಿಸಲು ತೊಡಗಿದ.

ಆತನ ಶ್ರಮದ ಸ್ವರೂಪವನ್ನು ಅರಿಯಬೇಕಾದರೆ ದರ್ಪಣಗಳ ಗುಣವನ್ನು ತಿಳಿಯಬೇಕು. ಯಾವ ದರ್ಪಣದ ಮೇಲಾದರೂ ಕಿರಣವು ಬಿದ್ದ ಕೋನಕ್ಕೆ ಸಮನಾದ ಕೋನದಲ್ಲಿಯೇ ಹಿಂದಿರುಗುತ್ತದೆ. ಸಮತಲ ದರ್ಪಣದಿಂದ ಹಿಂದಿರುಗಿದ ಕಿರಣಗಳು ಅದರ ಹಿಂಬದಿಯಿಂದ ಹೊರಟಂತೆ ಕಣ್ಣಿಗೆ ತೋರುವುದರಿಂದ, ವಸ್ತು ಎಷ್ಟು ಮುಂದಿದೆಯೋ ಅಷ್ಟೇ ಹಿಂದೆ, ಅಷ್ಟೇ ಗಾತ್ರದ ಮಿಥ್ಯಾಬಿಂಬ ಗೋಚರಿಸುತ್ತದೆ. ಆ ಸ್ಥಳದಲ್ಲಿ ತೆರೆ ಹಿಡಿದರೆ ಏನೂ ಮೂಡದು. ಹೊರಬಾಗಿದ ಪೀನ ದರ್ಪಣವು ಕಿರಣಗಳನ್ನು ಚದರಿಸಿ, ಕಿರಿದಾದ ಮಿಥ್ಯಾಬಿಂಬವನ್ನು ತೋರಿಸುತ್ತದೆ. ಒಳಬಾಗಿದ ನಿಮ್ನ ದರ್ಪಣವಾದರೋ, ದೂರದ ನಕ್ಷತ್ರದಿಂದ ಸಮಾಂತರವಾಗಿ ಬಂದ ಕಿರಣಗಳನ್ನು ತನ್ನ ಮುಂದಿರುವ ನಾಭಿಯಲ್ಲಿ ಕೂಡಿಸಿ, ತೆರೆಯ ಮೇಲೆ ಹಿಡಿಯಬಹುದಾದ ಸತ್ಯಬಿಂಬವನ್ನು ನಿರ್ಮಿಸುತ್ತದೆ. ನ್ಯೂಟನ್ ರೂಪಿಸಿದ ದೂರದರ್ಶಕದಲ್ಲಿ ಕೊಳವೆಯ ತಳದ ನಿಮ್ನ ದರ್ಪಣ ಬೆಳಕನ್ನು ಕೂಡಿಸುತ್ತದೆ. ಬಾಯಿಯ ಬಳಿ ಓರೆಯಾಗಿಟ್ಟ ಚಿಕ್ಕ ಸಮತಲ ದರ್ಪಣ ಅದನ್ನು ಪಕ್ಕಕ್ಕೆ ತಿರುಗಿಸಿ ನೋಡುವವನ ಕಣ್ಣಿಗೆ ಒಪ್ಪಿಸುತ್ತದೆ.

ಆದರೆ ನಿಮ್ನ ದರ್ಪಣ ಗೋಳದ ಭಾಗದಂತಿದ್ದರೆ, ಅಂಚಿನ ಕಿರಣಗಳೂ ನಡುವಿನ ಕಿರಣಗಳೂ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ, ಬಿಂಬ ಮಸುಕಾಗುತ್ತದೆ. ನಡುಭಾಗವನ್ನು ಅತ್ಯಲ್ಪವಾಗಿ ಹೆಚ್ಚು ಆಳಗೊಳಿಸಿ ಮೇಲ್ಮೈಯನ್ನು ಪರವಲಯಾಕಾರಕ್ಕೆ ತರಬೇಕು. ತಾಮ್ರ ಮತ್ತು ತವರ ಬೆರೆತ ಗಡುಸಾದ ಲೋಹವನ್ನು ಕೈಯಿಂದಲೇ ಉಜ್ಜಿ ಈ ಸೂಕ್ಷ್ಮವನ್ನು ಸಾಧಿಸಬೇಕಾಗಿತ್ತು. ಹೊಳಪು ಕೊಡುವ ಕೆಲಸವನ್ನು ನಡುವೆ ನಿಲ್ಲಿಸಿದರೆ ಆಕಾರ ಕೆಡುವ ಭಯ. ಒಮ್ಮೆ ಹರ್ಷೆಲ್ 16 ಗಂಟೆಗಳ ಕಾಲ ದರ್ಪಣದಿಂದ ಕೈ ತೆಗೆಯಲಿಲ್ಲ. ಕ್ಯಾರೊಲಿನ್ ಅಣ್ಣನ ಬಾಯಿಗೆ ತುತ್ತಿಡುತ್ತ, ಪುಸ್ತಕ ಓದಿ ಹೇಳುತ್ತ ಬಳಿಯಲ್ಲಿದ್ದಳು.

ಇಂಥ ದುಡಿಮೆಯ ಫಲವಾದ 7 ಅಡಿ ಉದ್ದದ ದೂರದರ್ಶಕದಲ್ಲಿ 1781ರ ಮಾರ್ಚ್ 13ರ ರಾತ್ರಿ ಒಂದು ವಿಚಿತ್ರ ಜ್ಯೋತಿ ಕಂಡಿತು. ಹಿಗ್ಗಿಸುವ ಪ್ರಮಾಣವನ್ನು 227ರಿಂದ 460ಕ್ಕೂ 932ಕ್ಕೂ ಏರಿಸಿದಾಗ ಅದು ನಕ್ಷತ್ರಗಳಂತೆ ಬಿಂದುವಾಗಿ ಉಳಿಯದೆ ಬಿಲ್ಲೆಯಂತೆ ಹಿಗ್ಗಿತು. ಹರ್ಷೆಲ್ ಮೊದಲು ಅದನ್ನು ಧೂಮಕೇತುವೆಂದೇ ಭಾವಿಸಿದ್ದ. ಇತರ ಗಣಿತಜ್ಞರು ಕಕ್ಷೆಯನ್ನು ಲೆಕ್ಕ ಹಾಕಿದಾಗ, ಅದು ಶನಿಗಿಂತ ಆಚೆಯ ಗ್ರಹವೆಂದು ಸಿದ್ಧವಾಯಿತು. ಅದೇ ಯುರೇನಸ್. ಮಸುಕಾದ ದರ್ಪಣವಾಗಿದ್ದರೆ ಬಿಂದುವಿಗೂ ಬಿಲ್ಲೆಗೂ ಇರುವ ಭೇದ ಅಂದು ತಿಳಿಯುತ್ತಿರಲಿಲ್ಲ.

ಕೀರ್ತಿ ಬಂದರೂ ಸೋಲು ದೂರವಾಗಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ 3 ಅಡಿ ಅಗಲದ ದರ್ಪಣವನ್ನು ಮನೆಯಲ್ಲಿಯೇ ಎರಕ ಹೊಯ್ಯಲು ಆತ ಯತ್ನಿಸಿದ. ಅಚ್ಚಿಗಾಗಿ ಕುದುರೆಯ ಲದ್ದಿಯನ್ನು ಕುಟ್ಟಿ ಜರಡಿ ಹಿಡಿಯುವ ಕೆಲಸದಲ್ಲಿ ಕ್ಯಾರೊಲಿನ್ ಸಹ ಪಾಲ್ಗೊಂಡಳು. ಮೊದಲನೆಯ ಎರಕ ತಣಿಯುವಾಗ ಬಿರುಕು ಬಿಟ್ಟಿತು. ಎರಡನೆಯ ಸಲ ಕುಲುಮೆಯಿಂದ ಸೋರಿದ ಕಾದ ಲೋಹ ನೆಲಕ್ಕೆ ಹರಿದು, ಹಾಸುಗಲ್ಲುಗಳು ಸಿಡಿದೆದ್ದವು. ಕೆಲಸಗಾರರು ಪ್ರಾಣಭಯದಿಂದ ಓಡಿದರು.

1782ರಲ್ಲಿ ಮೂರನೆಯ ಜಾರ್ಜ್ ದೊರೆ ವರ್ಷಕ್ಕೆ 200 ಪೌಂಡು ವೇತನ ಗೊತ್ತುಮಾಡಿದ ಬಳಿಕ ಹರ್ಷೆಲ್ ಸಂಗೀತವೃತ್ತಿಯನ್ನು ತ್ಯಜಿಸಿದ. ಮುಂದೆ ಸ್ಲೌ ಎಂಬ ಊರಿನಲ್ಲಿ, ದೊರೆಯ ಧನಸಹಾಯದಿಂದ, 4 ಅಡಿ ಅಗಲದ ದರ್ಪಣವುಳ್ಳ 40 ಅಡಿಯ ದೂರದರ್ಶಕವನ್ನು 1789ರಲ್ಲಿ ಪೂರ್ಣಗೊಳಿಸಿದ. ಲೋಹದರ್ಪಣದಿಂದ ಪ್ರತಿಫಲಿಸುವಾಗ ಪ್ರತಿ ಸಲವೂ ಸುಮಾರು ಮೂರರಲ್ಲೊಂದು ಪಾಲು ಬೆಳಕು ನಷ್ಟವಾಗುತ್ತಿದ್ದುದರಿಂದ ಸಮತಲ ದರ್ಪಣವನ್ನೇ ಕೈಬಿಟ್ಟು, ನಿಮ್ನ ದರ್ಪಣವನ್ನು ತುಸು ಓರೆಯಾಗಿರಿಸಿ, ಕೊಳವೆಯ ಬಾಯಿಯಿಂದಲೇ ನೋಡುವ ಕ್ರಮವನ್ನು ಅನುಸರಿಸಿದ. ಅದೇ ವರ್ಷ ಶನಿಯ ಎರಡು ಉಪಗ್ರಹಗಳನ್ನು ಗುರುತಿಸಿದ. ಆದರೆ ಆ ಬೃಹದ್ದರ್ಪಣ ಬೇಗನೆ ಕಳೆಗುಂದುತ್ತಿತ್ತು. ಅದನ್ನು ಮತ್ತೆ ಮತ್ತೆ ಹೊಳಪಿಡಬೇಕಾಗಿತ್ತು. ಲೋಕವೆಲ್ಲ ಬಂದು ನೋಡಿ ಬೆರಗಾದ ಆ ಯಂತ್ರಕ್ಕಿಂತ, ಸುಮಾರು 19 ಅಂಗುಲದ ದರ್ಪಣವಿದ್ದ 20 ಅಡಿಯ ದೂರದರ್ಶಕವೇ ಆತನಿಗೆ ಹೆಚ್ಚು ಉಪಯುಕ್ತವಾಯಿತು. ಅದರ ನೆರವಿನಿಂದ ಸುಮಾರು 2500 ನೀಹಾರಿಕೆ ಹಾಗೂ ನಕ್ಷತ್ರಗುಚ್ಛಗಳ ಪಟ್ಟಿ ಸಿದ್ಧವಾಯಿತು. ಹರ್ಷೆಲ್ ಏಣಿಯ ಮೇಲಿಂದ ಕಂಡದ್ದನ್ನು ಕೂಗಿ ಹೇಳಿದರೆ, ಕ್ಯಾರೊಲಿನ್ ಅದನ್ನು ಬರೆದುಕೊಳ್ಳುತ್ತಿದ್ದಳು. ಆಕೆ ಸ್ವತಂತ್ರವಾಗಿ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. 1787ರಲ್ಲಿ ಆಕೆಗೂ ರಾಜವೇತನ ದೊರೆಯಿತು.

1822ರ ಆಗಸ್ಟ್ 25ರಂದು ತನ್ನ 83ನೆಯ ವಯಸ್ಸಿನಲ್ಲಿ ಹರ್ಷೆಲ್ ನಿಧನನಾದ. ಇಂದಿನ ದೊಡ್ಡ ದೂರದರ್ಶಕಗಳ ಹೃದಯವೂ ನಿಮ್ನ ದರ್ಪಣವೇ. ಲೋಹದ ಬದಲು ಗಾಜು ಬಂದಿದೆ, ಕೈಯ ಬದಲು ಯಂತ್ರ ಬಂದಿದೆ. ಆದರೆ ಮೇಲ್ಮೈಯಲ್ಲಿ ಕೂದಲೆಳೆಗಿಂತ ಕಿರಿದಾದ ದೋಷ ಉಳಿದರೂ ಬಿಂಬ ಕೆಡುತ್ತದೆಂಬ ನಿಯಮ ಬದಲಾಗಿಲ್ಲ. ಆ ದೋಷವನ್ನು ನೀಗಲು ಇರುಳುಹಗಲು ಕುಳಿತು ಉಜ್ಜಿದ ಅಣ್ಣನನ್ನೂ ಬಳಿಯಲ್ಲಿದ್ದು ಸಲಹಿದ ತಂಗಿಯನ್ನೂ ವಿಜ್ಞಾನಲೋಕ ಜೊತೆಯಾಗಿಯೇ ಸ್ಮರಿಸುತ್ತದೆ.