ಡಿಗ್ರಿ ಇಲ್ಲದ ಸಲೀಂ ಅಲಿ ಮತ್ತು ನಮ್ಮೂರ ಹಕ್ಕಿಗಳು

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಿಂತು ಕಾಡುಜೀವಿ ಅಂದ್ರೆ ಬಂಡೀಪುರದ ಹುಲಿ ನೆನಪಾಗುತ್ತೆ. ಊರಿನದೇ ಕುಂದವಾಡ ಕೆರೆಯ ಹಕ್ಕಿಗಳಾಗಲಿ, ಹರಿಹರದ ಹತ್ತಿರ ಹೊಳೆ ದಾಟಿದರೆ ಸಿಗುವ ರಾಣೆಬೆನ್ನೂರಿನ ಕೃಷ್ಣಮೃಗಗಳಾಗಲಿ ಲೆಕ್ಕಕ್ಕೇ ಬರಲ್ಲ. ಅವನ್ನ ಕಾಯೋದು ಅರಣ್ಯ ಇಲಾಖೆ ಕೆಲಸ, ನಾವೇನು ಎಕ್ಸ್‌ಪರ್ಟಾ ಅಂತೀವಿ. ಸಲೀಂ ಅಲಿಯೂ ಕಾಗದದ ಮೇಲೆ ಎಕ್ಸ್‌ಪರ್ಟ್ ಆಗಿರಲಿಲ್ಲ.

1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಏರ್‌ಗನ್ ಹಿಡಿದು ಗುಬ್ಬಿ ಹೊಡೆಯುತ್ತಿದ್ದ ಹುಡುಗ. ಒಮ್ಮೆ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಾಣಿಸಿತು. ಇದ್ಯಾವ ಗುಬ್ಬಿ ಅನ್ನೋ ಪ್ರಶ್ನೆ ಅವರನ್ನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ತಂದಿತು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹುಡುಗನನ್ನ ಸಾಗಹಾಕಲಿಲ್ಲ. ಹಕ್ಕಿಯನ್ನ ಗುರುತಿಸಿ, ಸೊಸೈಟಿಯ ಸಂಗ್ರಹವನ್ನೂ ತೋರಿಸಿದರು.

ಮುಂದಿನ ದಾರಿ ಸಲೀಸಾಗಿರಲಿಲ್ಲ. ವಿಶ್ವವಿದ್ಯಾಲಯದ ಪದವಿ ಇಲ್ಲ ಅಂತ ಸರ್ಕಾರಿ ಹುದ್ದೆ ತಪ್ಪಿತು. ಮ್ಯೂಸಿಯಂನಲ್ಲಿ ಗೈಡ್ ಆದರು. ಬರ್ಲಿನ್‌ಗೆ ಹೋಗಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ವಾಪಸ್ ಬಂದರೆ ಆ ಕೆಲಸವೂ ಇಲ್ಲ. ನಿರುದ್ಯೋಗದ ಆ ದಿನಗಳಲ್ಲೇ ಕಿಹೀಮ್ ಎಂಬ ಕರಾವಳಿ ಹಳ್ಳಿಯಲ್ಲಿ ಕೂತು ಗೀಜಗದ ಗೂಡುಗಳನ್ನ ತಿಂಗಳುಗಟ್ಟಲೆ ನೋಡಿ, ಬರೆದು, ಹೆಸರು ಮಾಡಿದರು. ಆಮೇಲೆ ಸಂಸ್ಥಾನಗಳಿಗೆ ಒಂದು ಮಾತು ಮುಂದಿಟ್ಟರು: ಸಂಬಳ ಬೇಡ, ಖರ್ಚು ಕೊಡಿ, ನಿಮ್ಮ ಹಕ್ಕಿಗಳ ಸಮೀಕ್ಷೆ ಮಾಡ್ತೀನಿ.

ಹೀಗೆ 1939–40ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟೋದನ್ನ ಕಂಡು, ಇದನ್ನ ಉಳಿಸಿ ಅಂತ ಮೈಸೂರು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇವತ್ತು ನಾವು ಟಿಕೆಟ್ ತಗೊಂಡು ದೋಣಿ ಹತ್ತುವ ಜಾಗ ಅದು.

ಎಲ್ಲ ಮಾತೂ ಗೆಲ್ಲಲಿಲ್ಲ. ನಮ್ಮ ಕಡೆ ಎರೆಭೂತ ಅನ್ನೋ ಗ್ರೇಟ್ ಇಂಡಿಯನ್ ಬಸ್ಟರ್ಡ್ ರಾಷ್ಟ್ರಪಕ್ಷಿ ಆಗಲಿ ಅಂತ ವಾದಿಸಿದರು. ಪಟ್ಟ ನವಿಲಿಗೆ ಹೋಯಿತು. ಎರೆಭೂತಕ್ಕೆ ಬೇಕಾದ್ದು ಬಯಲು ಹುಲ್ಲುಗಾವಲು. ಒಂದು ಕಾಲಕ್ಕೆ ಈ ಹಕ್ಕಿ ಇದ್ದ ರಾಣೆಬೆನ್ನೂರಿನ ಬಯಲಿನಲ್ಲಿ ನೀಲಗಿರಿ ನೆಟ್ಟರು. ಹಸಿರಾಗಿ ಕಂಡಿದ್ದೆಲ್ಲ ಕಾಡಲ್ಲ ಅಂತ ಯಾವ ಕುರಿಗಾಹಿಯನ್ನ ಕೇಳಿದ್ರೂ ಹೇಳ್ತಿದ್ದ, ಬಿಡಿ.

ಇಲ್ಲೇ ಸಲೀಂ ಅಲಿಯನ್ನೂ ಸ್ವಲ್ಪ ನಿಲ್ಲಿಸಿ ಕೇಳಬೇಕು. ರಾಜಸ್ಥಾನದ ಭರತ್‌ಪುರದ ಕೇವಲಾದೇವ ಜೌಗಿನಲ್ಲಿ ಎಮ್ಮೆ ಮೇಯಿಸೋದು ನಿಲ್ಲಬೇಕು ಅನ್ನೋರ ಪಕ್ಷದಲ್ಲಿ ಅವರಿದ್ದರು. 1982ರಲ್ಲಿ ನಿಷೇಧ ಬಂತು, ಹಳ್ಳಿಗರು ಎದುರು ನಿಂತರು, ಪೊಲೀಸರ ಗುಂಡಿಗೆ ಜೀವಗಳು ಹೋದವು. ಅವರದೇ ಸೊಸೈಟಿ ವರ್ಷಗಟ್ಟಲೆ ಅಧ್ಯಯನ ಮಾಡಿ ಕಂಡುಕೊಂಡಿದ್ದೇನು ಗೊತ್ತಾ? ಎಮ್ಮೆ ಹೋದ ಮೇಲೆ ಹುಲ್ಲು ನೀರನ್ನ ಮುಚ್ಚಿತು, ಬಾತುಗಳಿಗೇ ಜಾಗ ಇಲ್ಲದಾಯಿತು. ಅಂತಿಮ ವರದಿ ಬರುವ ಹೊತ್ತಿಗೆ ಸಲೀಂ ಅಲಿ ಇರಲಿಲ್ಲ; 1987ರಲ್ಲಿ ತೀರಿಕೊಂಡಿದ್ದರು. ಸಾಮಾನ್ಯರ ಕಣ್ಣಿನಿಂದಲೇ ಹಕ್ಕಿ ಕಲಿತವರು ಭರತ್‌ಪುರದ ದನಗಾಹಿಗಳ ಮಾತಿಗೆ ಇನ್ನಷ್ಟು ಕಿವಿಗೊಡಬೇಕಿತ್ತು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬೇಲಿ, ಬಂದೂಕು ಏನಿಲ್ಲದೆ ಊರ ನಡುವಿನ ಮರಗಳಲ್ಲೇ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತಾ ಬಂದಿವೆ.

ಪದವಿ ಇಲ್ಲದವರು ಪದ್ಮವಿಭೂಷಣ ಪಡೆದರು, ರಾಜ್ಯಸಭೆಗೂ ಹೋದರು. 1976ರಲ್ಲಿ ಬಂದ ಗೆಟ್ಟಿ ಪ್ರಶಸ್ತಿಯ ಹಣವನ್ನ ಸಂರಕ್ಷಣೆಯ ನಿಧಿಗೆ ಕೊಟ್ಟರು. ಆದರೂ ಅವರ ಮುಖ್ಯ ಆಸ್ತಿ ಟಿಪ್ಪಣಿಗಳೇ: ಯಾವ ದಿನ, ಯಾವ ಜಾಗ, ಯಾವ ಹಕ್ಕಿ, ಎಷ್ಟು. ಈಗ ಇ-ಬರ್ಡ್ ಆ್ಯಪ್ ಕೇಳೋದೂ ಇವೇ ನಾಲ್ಕು. ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕ್ ಹೋಗೋರು ಇದನ್ನ ತುಂಬೋಕೆ ಹದಿನೈದು ನಿಮಿಷ ಸಾಕು. ನಾಳೆ ಕೆರೆಗೆ ಮತ್ತೊಂದು ಕಾಂಕ್ರೀಟ್ ಯೋಜನೆ ಬಂದರೆ ಅಧಿಕಾರಿಯ ಮೇಜಿನ ಮೇಲೆ ಇಡೋಕೆ ಐದು ವರ್ಷದ ಪಟ್ಟಿ ಕೈಯಲ್ಲಿರುತ್ತೆ.