ಅಕ್ಷರಗಳಿಗೆ ಮನೆ ದಾರಿ ತೋರಿಸಿದ ಗಡಿಯಾರದ ಹುಡುಗ

ಲೇಟೆಕ್‌ನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಶುರು ಮಾಡುವ ಎಲ್ಲರಿಗೂ ಮೊದಲ ಸಾಲಲ್ಲೇ ಒಂದು ಚೌಕ ಬ್ರಾಕೆಟ್ ಎದುರಾಗುತ್ತೆ. ಡಾಕ್ಯುಮೆಂಟ್ ಕ್ಲಾಸ್‌ಗೆ ಹೇಳಬೇಕಾದ್ದನ್ನೆಲ್ಲ ಅದರೊಳಗೆ ಹೇಳಬೇಕು: ಅಕ್ಷರ 12 ಪಾಯಿಂಟ್, ಕಾಗದ ಎ4, ಹೀಗೆ. ಮುಂದಿನ ಸಾಲಲ್ಲಿ ಜಿಯೋಮೆಟ್ರಿ ಅನ್ನೋ ಪ್ಯಾಕೇಜ್ ಕರೆದರೆ ಲೆಫ್ಟ್=3ಸೆಂಮೀ, ರೈಟ್=2ಸೆಂಮೀ ಅಂತ ಬರೀತೀವಿ. ಸಮ ಚಿಹ್ನೆಯ ಎಡಕ್ಕಿರೋದು ಕೀ, ಬಲಕ್ಕಿರೋದು ವ್ಯಾಲ್ಯೂ. ಇದನ್ನು ಪಾರ್ಸ್ ಮಾಡುವ ಕ್ರಮ ಕೇಳೋಕೆ ಬಹಳ ಸರಳ. ಅಲ್ಪವಿರಾಮ ಕಂಡಲ್ಲಿ ಪಟ್ಟಿಯನ್ನು ತುಂಡು ಮಾಡಬೇಕು, ತುಂಡಿನ ಆಚೀಚೆಯ ಖಾಲಿ ಜಾಗ ತೆಗೆದುಹಾಕಬೇಕು, ಮೊದಲ ಸಮ ಚಿಹ್ನೆಯಲ್ಲಿ ಎರಡು ಭಾಗ ಮಾಡಬೇಕು, ಆಮೇಲೆ ಎಡಗಡೆಯ ಹೆಸರನ್ನು ಮೊದಲೇ ನೋಂದಾಯಿಸಿಕೊಂಡವರು ಯಾರಿದ್ದಾರೋ ಅವರಿಗೆ ಬಲಗಡೆಯದ್ದನ್ನು ತಲುಪಿಸಬೇಕು. ಯಾವುದನ್ನು ಮೊದಲು ಬರೆದಿರಿ, ಯಾವುದನ್ನು ಆಮೇಲೆ ಬರೆದಿರಿ ಅನ್ನೋದು ಸಾಮಾನ್ಯವಾಗಿ ಮುಖ್ಯವಲ್ಲ. ಪ್ರತಿ ತುಂಡೂ ತಾನು ಎಲ್ಲಿಗೆ ಸೇರಬೇಕು ಅನ್ನೋದನ್ನ ತನ್ನ ಜೊತೆಗೇ ಹೊತ್ತು ತಂದಿರುತ್ತೆ.

ವಸ್ತು ತನ್ನ ವಿಳಾಸವನ್ನು ತಾನೇ ಹೊತ್ತಿರಬೇಕು ಅನ್ನೋ ಈ ಉಪಾಯ ಮುದ್ರಣದ ಲೋಕಕ್ಕೆ ಕಂಪ್ಯೂಟರ್ ಜೊತೆ ಬಂದಿದ್ದು ಅಂತ ನಾವು ಅಂದುಕೊಳ್ತೀವಿ. ಹಾಗೇನಿಲ್ಲ. 1880ರ ದಶಕದಲ್ಲೇ ಒಬ್ಬ ವ್ಯಕ್ತಿ ಅದನ್ನು ಹಿತ್ತಾಳೆಯಲ್ಲಿ ಕೊರೆದು ಮಾಡಿ ತೋರಿಸಿದ್ದ. ಅವನ ಹೆಸರು ಒಟ್ಮಾರ್ ಮೆರ್ಗೆಂಥಾಲರ್. ಲಿನೋಟೈಪ್ ಯಂತ್ರ ಕಟ್ಟಿದವನು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಲಾಗದವನು.

ಮೆರ್ಗೆಂಥಾಲರ್ ಹುಟ್ಟಿದ್ದು 1854ರ ಮೇ 11ರಂದು, ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಹಾಖ್ಟೆಲ್ ಅನ್ನೋ ಹಳ್ಳಿಯಲ್ಲಿ. ಅಪ್ಪ ಶಾಲಾ ಮೇಷ್ಟ್ರು. ಅಮ್ಮ ಬೇಗ ತೀರಿಕೊಂಡರು, ಅಪ್ಪ ಇನ್ನೊಂದು ಮದುವೆಯಾದರು. ಮನೆಯಲ್ಲಿ ಮಕ್ಕಳು ಹೆಚ್ಚು, ಸಂಬಳ ಕಡಿಮೆ. ಮಗನೂ ತನ್ನಂತೆ ಮೇಷ್ಟ್ರಾಗಲಿ ಅನ್ನೋದು ಅಪ್ಪನ ಆಸೆ. ಮಗನಿಗೋ ಯಂತ್ರದ ಹುಚ್ಚು. ಕೆಟ್ಟು ನಿಂತಿದ್ದ ಊರಿನ ಗೋಪುರದ ಗಡಿಯಾರವನ್ನು ಹುಡುಗ ಮತ್ತೆ ಓಡುವಂತೆ ಮಾಡಿದ ಅಂತ ಅವನ ಬಗ್ಗೆ ಹೇಳುವ ಕತೆಯೊಂದಿದೆ. ಎಂಜಿನಿಯರಿಂಗ್ ಓದಿಸೋಕೆ ಮನೆಯಲ್ಲಿ ದುಡ್ಡಿರಲಿಲ್ಲ. ಕೊನೆಗೆ 14ನೇ ವಯಸ್ಸಿಗೆ ಮಲತಾಯಿಯ ಅಣ್ಣನ ಹತ್ತಿರ ಗಡಿಯಾರ ಕೆಲಸ ಕಲಿಯೋಕೆ ಬೀಟಿಗ್‌ಹೈಮ್ ಪಟ್ಟಣಕ್ಕೆ ಕಳಿಸಿದರು. ಅಲ್ಲಿ ಹಗಲು ಗಡಿಯಾರದ ಕೆಲಸ, ಸಂಜೆ ಮತ್ತು ಭಾನುವಾರ ಶಾಲೆಯಲ್ಲಿ ಯಂತ್ರಗಳ ಡ್ರಾಯಿಂಗ್ ಕಲಿಕೆ. ಅವನು ಓದಿದ ಎಂಜಿನಿಯರಿಂಗ್ ಅಂದ್ರೆ ಅಷ್ಟೇ.

1872ರಲ್ಲಿ, 18ನೇ ವಯಸ್ಸಿಗೆ, ಅಮೆರಿಕಕ್ಕೆ ಹಡಗು ಹತ್ತಿದ. ವಾಷಿಂಗ್ಟನ್‌ನಲ್ಲಿ ಅದೇ ಗಡಿಯಾರದ ಯಜಮಾನರ ಮಗ ಆಗಸ್ಟ್ ಹಾಲ್ ಒಂದು ವರ್ಕ್‌ಶಾಪ್ ನಡೆಸುತ್ತಿದ್ದ. ವಿದ್ಯುತ್ ಉಪಕರಣಗಳ ಜೊತೆಗೆ, ಪೇಟೆಂಟ್ ಕಚೇರಿಗೆ ಕೊಡಬೇಕಾದ ಮಾದರಿಗಳನ್ನೂ ಅಲ್ಲಿ ಮಾಡ್ತಿದ್ರು. ದೇಶದ ಹೊಸ ಹೊಸ ಐಡಿಯಾಗಳೆಲ್ಲ ಲೋಹದ ರೂಪ ಪಡೆಯಲು ಇಂಥ ಅಂಗಡಿಗಳಿಗೆ ಬರುತ್ತಿದ್ದವು. ಗಡಿಯಾರದ ಹುಡುಗನಿಗೆ ಅದೇ ಕಾಲೇಜಾಯಿತು. ಮುಂದೆ ಅಂಗಡಿ ಬಾಲ್ಟಿಮೋರ್‌ಗೆ ಸ್ಥಳಾಂತರವಾಯಿತು.

1876ರಲ್ಲಿ ಅಲ್ಲಿಗೆ ಒಂದು ಅರೆಬೆಂದ ಯಂತ್ರ ಬಂತು. ಚಾರ್ಲ್ಸ್ ಮೂರ್ ಎಂಬುವರು ರೂಪಿಸಿದ್ದು. ಹಿಂದೆ ನಿಂತಿದ್ದವರು ಜೇಮ್ಸ್ ಕ್ಲೆಫೇನ್. ಕ್ಲೆಫೇನ್ ಶೀಘ್ರಲಿಪಿಕಾರ. ಅವರ ಕಷ್ಟ ಇಷ್ಟು: ಮಾತನ್ನು ಅದೇ ವೇಗದಲ್ಲಿ ಬರೆದುಕೊಳ್ಳಬಹುದು, ಟೈಪ್‌ರೈಟರ್ ಬಂದಮೇಲೆ ಬೇಗ ಟೈಪೂ ಮಾಡಬಹುದು, ಆದರೆ ಅಚ್ಚಿಗೆ ಹೋದ ಕೂಡಲೇ ಎಲ್ಲವೂ ಆಮೆ ನಡಿಗೆ. ಯಾಕಂದ್ರೆ ಗುಟೆನ್‌ಬರ್ಗ್ ಕಾಲದಿಂದ 400 ವರ್ಷ ಕಳೆದರೂ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಲ್ಲೇ ಜೋಡಿಸುತ್ತಿದ್ದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮೊಳೆ ಜೋಡಿಸೋದು ಅರ್ಧ ಕೆಲಸ ಮಾತ್ರ. ಪುಟ ಅಚ್ಚಾದ ಮೇಲೆ ಅದೇ ಮೊಳೆಗಳನ್ನು ಬಿಡಿಸಿ, ಒಂದೊಂದನ್ನೂ ಅದರದರ ಖಾನೆಗೆ ವಾಪಸ್ ಹಾಕಬೇಕು. ಇಲ್ಲದಿದ್ರೆ ನಾಳೆಯ ಪುಟಕ್ಕೆ ಮೊಳೆಯೇ ಇರಲ್ಲ. ತಪ್ಪು ಖಾನೆಗೆ ಬಿದ್ದ ಒಂದು ಮೊಳೆ ನಾಳೆ ತಪ್ಪು ಪದವಾಗಿ ಎದ್ದು ಬರುತ್ತೆ. ನಮ್ಮ ಕನ್ನಡದ ಅಚ್ಚುಕೂಟಗಳಲ್ಲೂ ಇದೇ ಕತೆ, ಇನ್ನೂ ಕಷ್ಟದ ರೂಪದಲ್ಲಿ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಖಾನೆ ನೆನಪಿಟ್ಟುಕೊಂಡೇ ಕಂಪೋಸಿಟರ್‌ಗಳು ಕೆಲಸ ಮಾಡುತ್ತಿದ್ದರು.

ಈ ಎರಡೂ ಕೆಲಸವನ್ನು ಯಂತ್ರಕ್ಕೆ ಕಲಿಸಲು ಆಗ ಬಹಳ ಜನ ಒದ್ದಾಡಿದರು. ಜೇಮ್ಸ್ ಪೇಜ್ ಎಂಬುವರು ಮನುಷ್ಯನ ಕೈಯನ್ನೇ ಅನುಕರಿಸುವ ಯಂತ್ರ ಕಟ್ಟಿದರು. ಅದರಲ್ಲಿ ಸುಮಾರು 18,000 ಬಿಡಿಭಾಗ. ಓಡಿದಾಗ ಅದ್ಭುತ, ಆದರೆ ಓಡಿದ್ದಕ್ಕಿಂತ ಕೆಟ್ಟು ನಿಂತಿದ್ದೇ ಹೆಚ್ಚು. ಅದನ್ನು ನಂಬಿ ಲೇಖಕ ಮಾರ್ಕ್ ಟ್ವೇನ್ ಸುಮಾರು 3 ಲಕ್ಷ ಡಾಲರ್ ಸುರಿದು ಸೋತರು.

ಮೆರ್ಗೆಂಥಾಲರ್ ಕೂಡ ಮೊದಲು ಸೋತವನೇ. ಮೂರ್ ಯಂತ್ರವನ್ನು ಎಷ್ಟು ತಿದ್ದಿದರೂ ಅಕ್ಷರ ಸ್ಪಷ್ಟವಾಗಿ ಮೂಡಲಿಲ್ಲ. ಆಮೇಲೆ ಕಾಗದದ ರಟ್ಟಿನ ಮೇಲೆ ಅಕ್ಷರಗಳನ್ನು ಒತ್ತಿ, ಆ ಗುಳಿಗಳಿಗೆ ಲೋಹ ಎರೆಯುವ ದಾರಿ ಹಿಡಿದರು. ಒಂದು ಅಕ್ಷರ ಒತ್ತಿದರೆ ಪಕ್ಕದ್ದು ಸೊಟ್ಟಗಾಗುತ್ತಿತ್ತು, ಬಿಸಿ ಲೋಹ ಕಾಗದಕ್ಕೆ ಅಂಟಿಕೊಳ್ಳುತ್ತಿತ್ತು. ವರ್ಷಗಳೇ ಹೋದವು. ಈ ನಡುವೆ 1881ರಲ್ಲಿ ಎಮ್ಮಾ ಲಾಖೆನ್‌ಮಾಯರ್ ಜೊತೆ ಮದುವೆಯಾಯಿತು. 1883ರಲ್ಲಿ ಬಾಲ್ಟಿಮೋರ್‌ನಲ್ಲೇ ಸ್ವಂತ ವರ್ಕ್‌ಶಾಪ್ ಹಾಕಿದ.

ಅಲ್ಲಿ ಅವನು ಪ್ರಶ್ನೆಯನ್ನೇ ಬದಲಾಯಿಸಿದ. ಮೊಳೆಯನ್ನು ಯಾಕೆ ಜೋಡಿಸಬೇಕು? ಮೊಳೆ ಎರೆಯುವ ಅಚ್ಚುಗಳನ್ನೇ ಜೋಡಿಸಿದರೆ? ಹಿತ್ತಾಳೆಯ ಸಣ್ಣ ತುಂಡಿನ ಅಂಚಿನಲ್ಲಿ ಅಕ್ಷರದ ಗುಳಿ ಕೊರೆದರೆ ಅದೊಂದು ಮ್ಯಾಟ್ರಿಕ್ಸ್. (ನಮ್ಮ ಮ್ಯಾಥ್ಸ್ ಪೇಪರಿನ ಮ್ಯಾಟ್ರಿಕ್ಸ್ ಅಲ್ಲ, ಗಾಬರಿ ಬೇಡ.) ಕೀ ಒತ್ತಿದರೆ ಮೇಲಿನ ಪೆಟ್ಟಿಗೆಯಿಂದ ಆ ಅಕ್ಷರದ ಮ್ಯಾಟ್ರಿಕ್ಸ್ ಜಾರಿ ಬಂದು ಸಾಲಲ್ಲಿ ನಿಲ್ಲುತ್ತೆ. ಪದಗಳ ನಡುವೆ ಉಕ್ಕಿನ ಜೋಡಿ ಬೆಣೆಗಳು. ಸಾಲು ತುಂಬಿದಾಗ ಬೆಣೆಗಳನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿದರೆ ಪದಗಳ ನಡುವಿನ ಜಾಗ ಎಲ್ಲ ಕಡೆ ಸಮವಾಗಿ ಹಿಗ್ಗಿ, ಸಾಲು ಎರಡೂ ಅಂಚಿಗೆ ಸರಿಯಾಗಿ ಮುಟ್ಟುತ್ತೆ. ಈ ಜೋಡಿ ಬೆಣೆಯ ಪೇಟೆಂಟ್ ಶುಕರ್ಸ್ ಎಂಬ ಇನ್ನೊಬ್ಬ ಸಂಶೋಧಕರದ್ದು, ಮುಂದೆ ಕಂಪನಿ ಅದರ ಹಕ್ಕು ಕೊಂಡುಕೊಳ್ಳಬೇಕಾಯಿತು. ಆಮೇಲೆ ಕರಗಿದ ಲೋಹ, ಅಂದ್ರೆ ಬಹುಪಾಲು ಸೀಸ, ಜೊತೆಗೆ ಆಂಟಿಮನಿ ಮತ್ತು ತವರ, ಆ ಗುಳಿಗಳಿಗೆ ನುಗ್ಗಿ ಕ್ಷಣದಲ್ಲಿ ಗಟ್ಟಿಯಾಗುತ್ತೆ. ಹೊರಗೆ ಬೀಳೋದು ಇಡೀ ಸಾಲಿನ ಒಂದೇ ಪಟ್ಟಿ. ಅಚ್ಚಾದ ಮೇಲೆ ಆ ಪಟ್ಟಿಯನ್ನು ಬಿಡಿಸೋ ಗೋಜೇ ಇಲ್ಲ, ಕರಗಿಸಿದರಾಯಿತು.

ಆದರೆ ಮ್ಯಾಟ್ರಿಕ್ಸ್‌ಗಳು? ಅವು ವಾಪಸ್ ಹೋಗಲೇಬೇಕಲ್ಲ. ನಮಗೆ ಈ ಮನುಷ್ಯನ ಬುದ್ಧಿ ಪೂರ್ತಿ ಕಾಣೋದು ಇಲ್ಲೇ. ಪ್ರತಿ ಮ್ಯಾಟ್ರಿಕ್ಸ್‌ನ ತಲೆಯಲ್ಲಿ ಇಂಗ್ಲಿಷಿನ ವಿ ಆಕಾರದ ಕಚ್ಚು, ಅದರ ಎರಡೂ ಬದಿಯಲ್ಲಿ ಹಲ್ಲುಗಳು. ಒಟ್ಟು 7 ಜೋಡಿ ಹಲ್ಲಿಗೆ ಜಾಗ. ಯಾವ ಜೋಡಿ ಇದೆ, ಯಾವುದು ಇಲ್ಲ ಅನ್ನೋದು ಅಕ್ಷರದಿಂದ ಅಕ್ಷರಕ್ಕೆ ಬೇರೆ. ಇದೆ ಅಥವಾ ಇಲ್ಲ, 7 ಜಾಗ: ಅಂದ್ರೆ 128 ಸಾಧ್ಯತೆ. ಕೀಬೋರ್ಡಿನಲ್ಲಿದ್ದ 90 ಕೀಗಳಿಗೆ ಧಾರಾಳವಾಗಿ ಸಾಕು. ಅಕ್ಷರಗಳಿಗೆ 7 ಬಿಟ್ ಕೊಡುವ ಆಸ್ಕಿ ಬಂದಿದ್ದು 1963ರಲ್ಲಿ!

ಕೆಲಸ ಮುಗಿದ ಸಾಲನ್ನು ಒಂದು ಉದ್ದನೆಯ ತೋಳು ಮೇಲಕ್ಕೆ ಎತ್ತುತ್ತೆ. ಮೊದಲು ಬೆಣೆಗಳು ಬೇರೆಯಾಗಿ ತಮ್ಮ ಪೆಟ್ಟಿಗೆಗೆ ಹೋಗುತ್ತವೆ. ಉಳಿದ ಮ್ಯಾಟ್ರಿಕ್ಸ್‌ಗಳು ಹಲ್ಲುಗಳಿಂದ ಒಂದು ಸರಳಿಗೆ ನೇತುಬಿದ್ದು ಸಾಲಾಗಿ ಸಾಗುತ್ತವೆ. ಸರಳಿನ ಉದ್ದಕ್ಕೂ ಏಣುಗಳಿವೆ, ಒಂದೊಂದು ಖಾನೆಯ ಮೇಲೂ ಕೆಲವು ಏಣುಗಳನ್ನು ಕತ್ತರಿಸಿ ತೆಗೆದಿದೆ. ಯಾವ ಖಾನೆಯ ಮೇಲೆ ತನ್ನ ಹಲ್ಲುಗಳಿಗೆ ಆಸರೆಯೇ ಇಲ್ಲವೋ ಅಲ್ಲಿ ಮ್ಯಾಟ್ರಿಕ್ಸ್ ಕೆಳಗೆ ಬೀಳುತ್ತೆ. ಅದೇ ಅದರ ಮನೆ. ಯಾವ ಕ್ರಮದಲ್ಲಿ ಬಂದರೂ ಪರವಾಗಿಲ್ಲ.

ಲೇಟೆಕ್ ಆಪ್ಷನ್‌ಗಳ ಪಾರ್ಸಿಂಗ್ ಜೊತೆ ಹೋಲಿಸಿ ನೋಡಿ. ಅಲ್ಪವಿರಾಮ, ಖಾಲಿ ಜಾಗ ಮೊದಲು ಬೇರೆಯಾಗುತ್ತೆ, ಇಲ್ಲಿ ಬೆಣೆ. ನೋಂದಾಯಿತ ಕೀಗಳ ಪಟ್ಟಿ ಅಂದ್ರೆ ಇಲ್ಲಿ ಸರಳು. ಇನ್ನು ಯಾರಿಗೂ ಗೊತ್ತಿಲ್ಲದ ಕೀ ಬಂದರೆ? ಲಿನೋಟೈಪ್‌ನಲ್ಲಿ ಕೀಬೋರ್ಡಿನಲ್ಲಿಲ್ಲದ ವಿಶೇಷ ಚಿಹ್ನೆಗಳಿಗೆ ಪೈ ಮ್ಯಾಟ್ರಿಕ್ಸ್ ಅಂತ ಹೆಸರು. ಅವಕ್ಕೆ ಏಳೂ ಜೋಡಿ ಹಲ್ಲು ಇರುತ್ತೆ. ಹಾಗಾಗಿ ಎಲ್ಲೂ ಬೀಳದೆ ಸರಳಿನ ಕೊನೆಯವರೆಗೂ ಹೋಗಿ ಅಲ್ಲಿನ ಪ್ರತ್ಯೇಕ ಪೆಟ್ಟಿಗೆ ಸೇರುತ್ತವೆ, ಯಂತ್ರ ನಿಲ್ಲಲ್ಲ. ಡಾಕ್ಯುಮೆಂಟ್ ಕ್ಲಾಸ್‌ಗೆ ಕೊಟ್ಟ ಆಪ್ಷನ್ ಕೂಡ ಹಾಗೇ. ಕ್ಲಾಸ್‌ಗೆ ಗೊತ್ತಿಲ್ಲದಿದ್ರೆ ಅದು ಮುಂದೆ ಬರುವ ಪ್ಯಾಕೇಜ್‌ಗಳ ಬಾಗಿಲಿಗೆ ಹೋಗುತ್ತೆ, ಯಾರೂ ತಗೊಳ್ಳದಿದ್ರೆ ಬಳಕೆಯಾಗದ ಆಪ್ಷನ್ ಅಂತ ಕೊನೆಗೊಂದು ಎಚ್ಚರಿಕೆ ಅಷ್ಟೇ. ಪ್ಯಾಕೇಜ್‌ಗೇ ನೇರವಾಗಿ ತಪ್ಪು ಕೀ ಕೊಟ್ಟರೆ ಮಾತ್ರ ಅಲ್ಲೇ ಎರರ್. ಇಂಥ ಪಾರ್ಸಿಂಗ್‌ಗೆ ಬಹಳ ಕಾಲ ಬೇರೆ ಬೇರೆ ಪ್ಯಾಕೇಜ್‌ಗಳನ್ನೇ ನಂಬಬೇಕಿತ್ತು. ಲೇಟೆಕ್ ತನ್ನೊಳಗೇ ಆ ಸೌಲಭ್ಯ ಸೇರಿಸಿಕೊಂಡಿದ್ದು 2022ರ ಜೂನ್ ಬಿಡುಗಡೆಯಲ್ಲಿ.

1886ರ ಜುಲೈ 3ರಂದು ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಕಚೇರಿಯಲ್ಲಿ ಯಂತ್ರ ಕೆಲಸಕ್ಕೆ ಇಳಿಯಿತು. ಅಕ್ಷರದ ಬದಲು ಇಡೀ ಸಾಲನ್ನೇ ಎರೆದುಕೊಡುವುದರಿಂದ ಲಿನೋಟೈಪ್ ಅನ್ನೋ ಹೆಸರು ನಿಂತಿತು. ಒಬ್ಬ ಆಪರೇಟರ್ ನಾಲ್ಕೈದು ಜನರ ಕೆಲಸ ಮಾಡತೊಡಗಿದ. ಪತ್ರಿಕೆಗಳ ಪುಟ ಹೆಚ್ಚಿತು. ಕೈಯಲ್ಲಿ ಮೊಳೆ ಜೋಡಿಸುತ್ತಿದ್ದ ಹಲವರ ಕೆಲಸವೂ ಹೋಯಿತು, ಅದನ್ನು ಮರೆಮಾಚಬಾರದು. ಅವರ ಸಂಘ ಯಂತ್ರವನ್ನು ಒಡೆಯೋಕೆ ಹೋಗಲಿಲ್ಲ, ಯಂತ್ರವನ್ನು ತಮ್ಮ ಸದಸ್ಯರೇ ನಡೆಸಬೇಕು ಅಂತ ಪಟ್ಟು ಹಿಡಿಯಿತು.

ಹಣ ಹಾಕಿದ್ದು ಪತ್ರಿಕಾ ಮಾಲೀಕರ ಕೂಟ, ಮುಂದಾಳು ಟ್ರಿಬ್ಯೂನ್‌ನ ವೈಟ್‌ಲಾ ರೀಡ್. ಅವರಿಗೆ ಯಂತ್ರಗಳು ಬೇಗ ಬೇಕು, ಮೆರ್ಗೆಂಥಾಲರ್‌ಗೆ ಇನ್ನೂ ತಿದ್ದಬೇಕು. ರಾಯಧನದ ಜಗಳವೂ ಸೇರಿಕೊಂಡಿತು. 1888ರಲ್ಲಿ ಅವನು ಕಂಪನಿ ಬಿಟ್ಟ, ಆದರೆ ಯಂತ್ರವನ್ನು ಬಿಡಲಿಲ್ಲ. ತನ್ನದೇ ವರ್ಕ್‌ಶಾಪ್‌ನಲ್ಲಿ ಕೂತು ಗಾಳಿ ಊದಿ ಮ್ಯಾಟ್ರಿಕ್ಸ್ ಸಾಗಿಸುವ ಪದ್ಧತಿ ತೆಗೆದು, ಅವು ತಮ್ಮ ಭಾರಕ್ಕೇ ಜಾರುವಂತೆ ಮಾಡಿದ. 1890ರ ಈ ಸರಳ ಮಾದರಿಯೇ ಮುಂದೆ ಜಗತ್ತಿಗೆಲ್ಲ ಹಬ್ಬಿತು. ಯಂತ್ರ ಮಾರಿದ ಕಂಪನಿಯ ಹೆಸರಲ್ಲೂ ಅವನ ಹೆಸರಿತ್ತು. ಕಂಪನಿಯ ಒಳಗೆ ಮಾತ್ರ ಅವನ ಮಾತು ನಡೆಯುತ್ತಿರಲಿಲ್ಲ.

ಅಷ್ಟರಲ್ಲಿ ಕ್ಷಯ ಹಿಡಿಯಿತು. ಆಗ ಅದಕ್ಕೆ ಮದ್ದಿರಲಿಲ್ಲ, ಒಣ ಹವೆಯ ಊರಿಗೆ ಹೋಗಿ ಅನ್ನುತ್ತಿದ್ದರು. ಅರಿಜೋನಾ, ಆಮೇಲೆ ನ್ಯೂ ಮೆಕ್ಸಿಕೋದ ಡೆಮಿಂಗ್. 1897ರಲ್ಲಿ ಡೆಮಿಂಗ್‌ನ ಮನೆಗೆ ಬೆಂಕಿ ಬಿದ್ದು ಅವನ ಕಾಗದಪತ್ರಗಳು ಸುಟ್ಟುಹೋದವು. ಬಾಲ್ಟಿಮೋರ್‌ಗೆ ವಾಪಸ್ ಬಂದು 1899ರ ಅಕ್ಟೋಬರ್ 28ರಂದು ತೀರಿಕೊಂಡ. ವಯಸ್ಸು 45.

ಯಂತ್ರ ಇನ್ನೂ ಮುಕ್ಕಾಲು ಶತಮಾನ ಓಡಿತು. ನ್ಯೂಯಾರ್ಕ್ ಟೈಮ್ಸ್ ಲಿನೋಟೈಪ್‌ನಲ್ಲಿ ಕೊನೆಯ ಸಂಚಿಕೆ ಜೋಡಿಸಿದ್ದು 1978ರ ಜುಲೈನಲ್ಲಿ. ಅದೇ ವರ್ಷ ಡೊನಾಲ್ಡ್ ಕ್ನೂತ್ ಟೆಕ್‌ನ ಮೊದಲ ಆವೃತ್ತಿಯ ಮೇಲೆ ಕೆಲಸ ಮಾಡ್ತಿದ್ದರು. ಹಿಗ್ಗುವ ಬೆಣೆಯ ಕೆಲಸವನ್ನು ಅಲ್ಲಿ ಗ್ಲೂ ಅನ್ನೋ ಲೆಕ್ಕಾಚಾರ ಮಾಡುತ್ತೆ. ಲಿನೋಟೈಪ್‌ಗಳು ಈಗ ಹೆಚ್ಚಾಗಿ ಮ್ಯೂಸಿಯಂಗಳಲ್ಲಿ ಕಾಣಸಿಗುತ್ತವೆ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಒಂದು ಕಟ್ಟಡಕ್ಕೆ ಮೆರ್ಗೆಂಥಾಲರ್ ಹೆಸರಿದೆ. ಅದೇ ಊರಿನಲ್ಲಿ ಅವನ ಹೆಸರಿನ ಒಂದು ಪ್ರೌಢಶಾಲೆಯೂ ಇದೆ. ಅಲ್ಲಿ ಮಕ್ಕಳಿಗೆ ಪಾಠದ ಜೊತೆಗೆ ಕೈಕಸುಬು ಕಲಿಸುತ್ತಾರೆ.